ಗೊಲ್ಲಪ್ಪನ ಮಿದುಳು ಆಣೆ ಮಾಡಿದ್ದು

ಮಾಡದಕೆರೆ ಕಡೆಯ ನಮ್ಮ ಹಟ್ಟಿಯ ಗೊಲ್ಲಪ್ಪನ ಕುಡಿತಕ್ಕೆ ಗೊಲ್ಲಪ್ಪ ಹೊಣೆಯಲ್ಲ, ಅವನ ಮಿದುಳೇ ಹೊಣೆ ಎಂದು ಮದ್ಯವರ್ಜನ ಸಮಿತಿಯು ಕಳೆದ ತಿಂಗಳು, ದೇವರಿಗೆ ಮಂಗಳಾರತಿಯಾದ ಮೇಲೆ, ಸರ್ವಾನುಮತದಿಂದ ತೀರ್ಮಾನಿಸಿತು.

ಇದಕ್ಕೆ ಆಧಾರವಿದೆ. ದುರ್ಗದಿಂದ ಬಂದಿದ್ದ ಡಾಕ್ಟರ್ ದೇವಿಕಾ ಅವರು, "ಕುಡಿದು ಕುಡಿದು ಮಿದುಳೇ ಬದಲಾಗಿರುತ್ತದೆ. ಇದು ಬರೀ ಹಟವಲ್ಲ, ಕಾಯಿಲೆ" ಎಂದಿದ್ದರು. "ಆದರೆ" ಎಂದು ಮುಂದುವರಿಸುವಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದಿದ್ದರಿಂದ ಸಭೆ ಎದ್ದಿತ್ತು.

ಸಮಿತಿಯ ಹತ್ತು ದಿನದ ಶಿಬಿರಕ್ಕೆ ಗೊಲ್ಲಪ್ಪ ತಾನಾಗಿಯೇ ಬಂದಿದ್ದ. ಉಣ್ಣೆ ಕತ್ತರಿಸುವಾಗ ಕೈ ನಡುಗಿ ಕುರಿಯ ಕಿವಿಗೆ ಕತ್ತರಿ ತಾಗಿತ್ತು. ಹೆಂಡತಿ ಯಶೋದಾ ಅವನ ಕಂಬಳಿ ಗಂಟು ಕಟ್ಟಿ ತಂದಿದ್ದಳು.

"ನನ್ನೊಬ್ಬನ ಕೈಲಿ ಬಿಡಾಕಾಗ್ತಿಲ್ಲ ಸ್ವಾಮಿ, ಸೇರಿಸ್ಕಳ್ರಿ" ಎಂದು ಕೈಮುಗಿದ.

ಕಾರ್ಯದರ್ಶಿ ಗುರುರಾಜ್ ಅವರು ಬಾಯಲ್ಲಿದ್ದ ಗುಟ್ಕಾವನ್ನು ಕೆನ್ನೆಗೆ ಸರಿಸಿದರು. (ಸಮಿತಿಯವರು ಹಾಕುವ ಗುಟ್ಕಾ ಚಟವಲ್ಲ, ಅಭ್ಯಾಸ ಎಂದು ಮೊದಲೇ ಠರಾವಾಗಿದೆ.) "ಶಿಬಿರ ಇರೋದು ತಪ್ಪಿತಸ್ಥರಿಗೆ ಕಣಯ್ಯ. ನಿಂದೇನು ತಪ್ಪೈತೆ? ಮಿದುಳನ್ನ ಸೇರಿಸ್ಕಂತೀವಿ, ನೀನು ಮನೆಗೋಗು."

"ಅದು ನನ್ ತಲೆಯಾಗೇ ಐತಲ್ರೀ!"

"ವಿಳಾಸ ಬರ್ಕಂಡಿದೀವಿ."

ಕುಡಿತ ಬಿಡುವವರು ಜುಂಜಪ್ಪನ ಗಣೆ, ಅಂದರೆ ದೇವರ ಬಿದಿರು ಕೊಳಲು, ಮುಟ್ಟಿ ಆಣೆ ಮಾಡುವುದು ನಮ್ಮ ಹಟ್ಟಿಯ ಪದ್ಧತಿ. ಮಿದುಳಿಗೆ ಕೈಯಿಲ್ಲದ ಕಾರಣ ಪೂಜಾರಿಯವರು ಗಣೆಯನ್ನೇ ಗೊಲ್ಲಪ್ಪನ ನೆತ್ತಿಗೆ ತಾಗಿಸಿದರು.

"ಇನ್ಮ್ಯಾಕೆ ನಾನು..." ಎಂದು ಗೊಲ್ಲಪ್ಪ ಬಾಯಿ ತೆರೆದ.

"ಲೇ, ನೀನ್ಯಾವನಲೇ ನಡುವೆ? ಅದು ಹೇಳ್ಲಿ" ಎಂದು ಪೂಜಾರಿಯವರು ಗದರಿದರು.

ಮಿದುಳಿನಿಂದ ಯಾವ ಆಕ್ಷೇಪಣೆಯೂ ಬಾರದಿದ್ದುದರಿಂದ ಆಣೆ ಸಾಂಗವಾಯಿತೆಂದು ನಡಾವಳಿಯಲ್ಲಿ ದಾಖಲಾಯಿತು.

"ಹಂಗಾದ್ರೆ ಈವಯ್ಯನ್ನ ಏನ್ ಮಾಡ್ಲಿ?" ಎಂದಳು ಯಶೋದಾ.

"ನಿರಪರಾಧಿ ಕಣಮ್ಮ. ಮರ್ಯಾದೆಯಿಂದ ನೋಡ್ಕ" ಎಂದರು ಗುರುರಾಜ್.

ಹತ್ತನೆಯ ದಿನ ಮಿದುಳಿಗೆ ಶಾಲು ಸುತ್ತಿ, ಅದು ಕುಡಿತ ಬಿಟ್ಟಿದೆಯೆಂದು ಪ್ರಮಾಣಪತ್ರ ನೀಡಲಾಯಿತು. ಮಿದುಳನ್ನು ಕಾರ್ಯಕ್ರಮಕ್ಕೆ ಹೊತ್ತು ತಂದಿದ್ದ ಗೊಲ್ಲಪ್ಪ ಕೊಂಚ ತೂರಾಡುತ್ತಿದ್ದನಾದರೂ ಅವನು ಫಲಾನುಭವಿಯಲ್ಲದ್ದರಿಂದ ಯಾರೂ ಗಮನಿಸಲಿಲ್ಲ.

ಯಶೋದಾ ಗಂಡನ ರಟ್ಟೆ ಹಿಡಿದು ನೇರ ಬ್ರಾಂದಿ ಅಂಗಡಿಗೆ ಹೋಗಿ ಪತ್ರ ಚಾಚಿದಳು. "ಓದ್ಕಳಣ್ಣ. ನಿನ್ ಕಾಲಿಗ್ ಬೀಳ್ತೀನಿ, ಇನ್ ಕೊಡಬ್ಯಾಡ."

ಅಂಗಡಿಯ ಹನುಮೇಶ್ ದೈವಭಕ್ತ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪತ್ರವನ್ನು ಕಣ್ಣಿಗೊತ್ತಿಕೊಂಡ.

"ದೇವರಾಣೆಗೂ ಮಿದುಳಿಗೆ ಕೊಡಲ್ಲ ತಾಯಿ."

ಸಾಲಿನಲ್ಲಿದ್ದವರೆಲ್ಲ ಅದು ನ್ಯಾಯವೆಂದು ಒಪ್ಪಿ, ಗೊಲ್ಲಪ್ಪನಿಗೆ ದಾರಿ ಬಿಟ್ಟರು.

"ನಿಂಗೆ ಏನ್ ಕೊಡ್ಲಪ್ಪ?" ಎಂದ ಹನುಮೇಶ್.