ವಂದನಾರ್ಪಣೆಯಲ್ಲಿ ಒಂದು ಇಗ್ನೊಮಿನಿ

“ಮೈಕ್ ಹಿಡಿಯೋ ಮುಂಚೆ ಆ ಪದದ ಅರ್ಥ ಗೊತ್ತಿತ್ತೇನ್ರೀ ನಿಮಗೆ?”

“ಗೌರವ ಅಂತ. ಆನರ್‌ಗಿಂತ ಒಂದು ತೂಕ ಹೆಚ್ಚು.”

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಪ್ರೇಮಲೀಲಾ ಕೈ ನಿಲ್ಲಿಸಿದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ಗಂಡ ಸದಾಶಿವಯ್ಯ ಸರಸ್ವತಿಪುರಂ ಪಾರ್ಕಿನ ಬಳಗಕ್ಕೆ ಕಾರ್ಯದರ್ಶಿ. ಹಿಂದಿನ ದಿನ ಸಂಜೆ, ಪಾರ್ಕಿಗೆ ಕಲ್ಲುಬೆಂಚು ಕೊಟ್ಟ ಲಷ್ಕರ್ ಮೊಹಲ್ಲಾದ ವ್ಯಾಪಾರಿ ಮಹದೇವಪ್ರಸಾದರಿಗೆ ಸನ್ಮಾನವಿತ್ತು. ಶಾಲು, ಪೇಟ ಎಲ್ಲ ಆದ ಮೇಲೆ ವಂದನಾರ್ಪಣೆಗೆ ನಿಂತ ಸದಾಶಿವಯ್ಯ, “ತಾವು ಬಂದದ್ದು ನಮ್ಮ ಬಡಾವಣೆಗೇ ಒಂದು ದೊಡ್ಡ ಇಗ್ನೊಮಿನಿ” ಎಂದುಬಿಟ್ಟಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಮಹದೇವಪ್ರಸಾದರು ಎದ್ದು ಕೈ ಮುಗಿದಿದ್ದರು.

“ಎಲ್ಲಿಂದ ತಂದ್ರಿ ಆ ಪದಾನ?”

“ಟೀವಿ ಚರ್ಚೇಲಿ. ಕೋಟು ಹಾಕಿದ್ದೋರೊಬ್ರು ಇನ್ನೊಬ್ರಿಗೆ ಪದೇ ಪದೇ ಅಂತಿದ್ರು.”

“ಅಲ್ಲಿ ಕೂತೋರು ಒಬ್ರಿಗೊಬ್ರು ಗೌರವ ಕೊಟ್ಟಿದ್ದನ್ನ ಯಾವತ್ತು ನೋಡಿದ್ರಿ? ಅದರರ್ಥ ಮಾನಗೇಡು ಕಣ್ರೀ. ಊರೆದುರು ಮರ್ಯಾದೆ ಹೋಗೋದು. ಮೂಲ ಲ್ಯಾಟಿನ್ನು. ನೋಮೆನ್ ಅಂದ್ರೆ ಹೆಸರು. ಅದರ ಹಿಂದಿರೋದು ‘ಇಲ್ಲ’ ಅಂತ. ಹೆಸರು ಕಳಕೊಂಡೋನ ಪಾಡು.”

“ನೋಮೆನ್ನು ನಮ್ಮ ನಾಮದ ಹಾಗೇ ಇದೆಯಲ್ಲ.”

“ಹೂಂ. ಅದನ್ನೇ ಅವರಿಗೆ ಹಾಕಿ ಬಂದಿದ್ದೀರಿ.”

“ನಾವು ವಿಭೂತಿ ಜನ ಕಣೆ. ನಾಮ ಹಾಕೋ ಅಭ್ಯಾಸ ನಮಗಿಲ್ಲ.”

ಹೋಗಿ ತಪ್ಪಾಯಿತೆಂದು ಹೇಳಿಬನ್ನಿ ಎಂದು ಪ್ರೇಮಲೀಲಾ ಪಟ್ಟು ಹಿಡಿದರು. ಅರ್ಥವಾಗದ ಬೈಗುಳ ಬೈಗುಳವೇ ಅಲ್ಲ ಎಂಬುದು ಸದಾಶಿವಯ್ಯನವರ ವಾದ. ಈಗಿನ ಕಾಲದಲ್ಲಿ ಮಕ್ಕಳೂ ಫೋನಿನಲ್ಲಿ ಅರ್ಥ ಹುಡುಕುತ್ತಾರೆ, ಸಂಜೆಯೊಳಗೆ ಅವರಿಗೆ ತಿಳಿಯುತ್ತದೆ ಎಂದು ಹೆಂಡತಿ ಹೇಳಿದಾಗ ಮಾತ್ರ ಅವರ ಮುಖ ಸಪ್ಪಗಾಯಿತು. ಪಾರ್ಕಿಗೆ ದೀಪ ಹಾಕಿಸುವುದಾಗಿಯೂ ಮಹದೇವಪ್ರಸಾದರು ಮಾತು ಕೊಟ್ಟಿದ್ದರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಮಹದೇವಪ್ರಸಾದರೇ ಮುಖ ದಪ್ಪ ಮಾಡಿಕೊಂಡು ಒಳಗೆ ಬಂದರು.

“ಕೂತ್ಕೊಳ್ಳಿ ಸಾರ್,” ಎಂದರು ಸದಾಶಿವಯ್ಯ ಗಡಬಡಿಸಿ. “ನಿನ್ನೆ ನಾನು ಅಂದ ಆ ಒಂದು ಪದ...”

“ಆ ಪದ ಚೆನ್ನಾಗೇ ಇತ್ತು ಬಿಡಿ, ಸದಾಶಿವಯ್ಯನೋರೆ. ನಮ್ಮನೇಲಿ ಎಲ್ರಿಗೂ ಹೇಳಿದೀನಿ. ನನಗೆ ಬೇಜಾರಾಗಿದ್ದು ಬೇರೆ. ಬೆಳಿಗ್ಗೆ ಬೀಗರನ್ನ ಕರ್ಕೊಂಡು ಬೆಂಚು ತೋರ್ಸೋಕೆ ಬಂದಿದ್ದೆ. ಕಲ್ಲಿನ ತುಂಬ ನಿಮ್ಮ ಬಳಗದ ಹೆಸರು, ಅದರ ಕೆಳಗೆ ನಿಮ್ಮ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ. ಬೀಗರ ಮುಂದೆ ತಲೆ ಎತ್ತೋ ಹಾಗಿಲ್ಲ ನನಗೆ.”

ಸದಾಶಿವಯ್ಯ, ಕಲ್ಲಿನಲ್ಲಿ ಜಾಗ ಸಾಲಲಿಲ್ಲ ಎಂದೇನೋ ತೊದಲಿದರು. ಪ್ರೇಮಲೀಲಾ ಕಾಫಿ ತಂದು ಅತಿಥಿಯ ಮುಂದಿಟ್ಟರು.

“ನಮ್ಮ ಯಜಮಾನ್ರು ನಿಮ್ಮ ಹತ್ರ ಏನನ್ನೂ ಮುಚ್ಚಿಡ್ಲಿಲ್ಲ,” ಎಂದರು ಶಾಂತವಾಗಿ. “ನಿನ್ನೇನೇ ಮೈಕಿನಲ್ಲಿ ಹೇಳಿದ್ರು. ನೀವೇ ಕೈ ಮುಗಿದ್ರಿ.”