ಕಟಕೋಳದ ಟ್ರೇಲರಿನ ಗಿಳಿ

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಕಳ್ಳತನ ಒಂದೇ: ಚಿತ್ರಕಲೆಯ ಪೀರಿಯಡ್ಡುಗಳದ್ದು. ಎಂಟನೇ ತರಗತಿಯ ಬೀಜಗಣಿತ ಉಳಿಯಿತೆಂದರೆ ಡ್ರಾಯಿಂಗ್ ಮಾಸ್ತರರಿಗೆ ಒಂದು ಕಪ್ ಚಹಾ ಕುಡಿಸಿ ಅವರ ನಲವತ್ತು ನಿಮಿಷ ಎತ್ತಿಕೊಂಡುಬಿಡುತ್ತಿದ್ದೆ. ಮಕ್ಕಳು ಬಣ್ಣದ ಪೆಟ್ಟಿಗೆಯನ್ನು ಚೀಲದೊಳಗೆ ವಾಪಸ್ ಇಡುವಾಗ ಅವರ ಮುಖ ಏನಾಗುತ್ತಿತ್ತೋ, ನಾನು ಬೋರ್ಡಿನ ಕಡೆ ತಿರುಗಿರುತ್ತಿದ್ದೆ. ಹೂವು, ಹಕ್ಕಿ ಬರೆದು ಯಾರು ಉದ್ಧಾರವಾಗಿದ್ದಾರೆ ಎಂಬುದು ಆಗ ನನ್ನ ಖಚಿತ ಅಭಿಪ್ರಾಯ.

ಹೋದ ವರ್ಷ ನನಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಯರಗಟ್ಟಿಯಿಂದ ಬೆಳಗಾವಿಗೆ ಓಡಾಡಿ ಆಪರೇಶನ್ ಮುಗಿಯಿತು, ಕಿಮೋ ಮುಗಿಯಿತು, ನಮ್ಮ ಕಡೆ ಜನ ‘ಕರೆಂಟು ಕೊಡೋದು’ ಎನ್ನುವ ರೇಡಿಯೇಶನ್ನೂ ಮುಗಿಯಿತು. ಕೊನೆಗೆ ಡಾಕ್ಟರು, “ಇನ್ನು ಹಾಯಾಗಿರಿ” ಎಂದರು. ಹಾಯಾಗಿರುವುದು ಹೇಗೆ, ಊಟದ ಮೊದಲೋ ಆಮೇಲೋ ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆದುಕೊಡಲಿಲ್ಲ.

ಮನೆಯಲ್ಲಿ ಹಾಯಾಗಿರುವುದು ಸಾಧ್ಯವಿರಲಿಲ್ಲ. ನಮ್ಮ ಯಜಮಾನರು ತಾಸಿಗೊಮ್ಮೆ ಬೀಟ್‌ರೂಟ್ ರಸ ಹಿಡಿದು ಪ್ರತ್ಯಕ್ಷರಾಗುತ್ತಿದ್ದರು. ಅವರು ಅತ್ತ ಹೋದರೆ ಇತ್ತ ಪಕ್ಕದ ಓಣಿಯ ನೀಲವ್ವ ಬರುತ್ತಿದ್ದಳು. “ಅಯ್ಯ, ಹೆಂಗಿದ್ದಾಕಿ ಹೆಂಗಾದೆವ್ವಾ!” ಎಂದು ಬಾಗಿಲಲ್ಲೇ ಶುರು. ಒಂದು ದಿನ, “ನಮ್ಮ ಮಾವನ ತಂಗಿಗೂ ಇದ ಬ್ಯಾನಿ ಇತ್ತು ನೋಡು” ಎಂದಳು. ನಾನು ಆಸೆಯಿಂದ, “ಈಗ ಹೆಂಗದಾರ?” ಎಂದೆ. “ಎಲ್ಲಿ ಅದಾರವ್ವಾ, ಹೋಗಿ ಮೂರ ವರ್ಷಾತು” ಎಂದು ನೀಲವ್ವ ಬಸಿಯಲ್ಲಿದ್ದ ಚಹಾ ಸುರ್ ಎಂದು ಮುಗಿಸಿದಳು.

ಮರುದಿನ ಓಣಿಯ ತಿರುವಿನಲ್ಲಿ ಅವಳ ಸೀರೆಯ ಸೆರಗು ಕಂಡದ್ದೇ ತಡ, ತಲೆಗೆ ಸ್ಕಾರ್ಫ್ ಬಿಗಿದು ರಸ್ತೆ ದಾಟಿ ಎದುರಿನ ಶೆಡ್ಡಿಗೆ ನುಗ್ಗಿದೆ. ಅದು ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಹಚ್ಚುವ ಈರಣ್ಣನ ಶೆಡ್ಡು. ಈರಣ್ಣ ನನ್ನ ಹಳೆಯ ವಿದ್ಯಾರ್ಥಿ. ಅವನ ರೇಖಾಗಣಿತದ ವಹಿಯಲ್ಲಿ ವೃತ್ತ ಇರಬೇಕಾದ ಕಡೆ ನವಿಲಿತ್ತೆಂದು ಆ ಹಾಳೆಯನ್ನು ಇಡೀ ಕ್ಲಾಸಿನೆದುರು ಹರಿದವಳು ನಾನೇ. ಈಗ ಅವನಿಗೆ ನಲವತ್ತು ದಾಟಿದೆ. ಆದರೂ ನನ್ನನ್ನು ಕಂಡೊಡನೆ ಬ್ರಶ್ಶನ್ನು ಬೆನ್ನ ಹಿಂದೆ ಅಡಗಿಸಿ ಎದ್ದು ನಿಂತ.

“ಅಕ್ಕಾರ, ಏನ ತಪ್ಪಾತ್ರಿ?”

“ಏನಿಲ್ಲೋ. ಒಂದೀಟ ಕುಂದರತೇನಿ.”

ಅವನು ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ ಕೊಟ್ಟ. ಕೆಂಪು ತಗಡಿನ ಮೇಲೆ ಕಮಲ ಬರೆಯುತ್ತಿದ್ದ. ಒಂದು ಎಸಳಿಗೆ ಒಂದೇ ಎಳೆತ. ಬುಡದಲ್ಲಿ ಗಾಢ ಗುಲಾಬಿ, ತುದಿಗೆ ಹೋಗುತ್ತ ಹೋಗುತ್ತ ಹಾಲಿನ ಬಿಳುಪು. ಬ್ರಶ್ಶು ಒಂದೇ, ಕೈ ಒಂದೇ, ಅದು ಹೇಗೆ ತಿಳಿಯಾಗುತ್ತದೆ ಎಂದು ನೋಡುತ್ತ ಕುಳಿತೆ. ಮೂರನೇ ಕಮಲ ಮುಗಿದಾಗ ಹೊಳೆಯಿತು, ಅರ್ಧ ತಾಸಿನಿಂದ ನನಗೆ ನನ್ನ ಕಾಯಿಲೆ ನೆನಪೇ ಆಗಿಲ್ಲ. ವರ್ಷವಿಡೀ ನಿದ್ದೆಯಲ್ಲೂ ಮರೆಯದ್ದನ್ನು ಟ್ರೇಲರಿನ ತಗಡೊಂದು ಮರೆಸಿಬಿಟ್ಟಿತ್ತು. ವಾಪಸ್ ಬರುವಾಗ ಪಕ್ಕದವರ ಅಂಗಳದಲ್ಲಿ ಒಣಗಲು ಹರವಿದ ಮೆಣಸಿನಕಾಯಿ ಕಂಡಿತು. ದಿನವೂ ಅಲ್ಲೇ ಇತ್ತು. ಅಷ್ಟು ಕೆಂಪಗಿದೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

“ಎಲ್ಲಿ ಹೋಗಿದ್ದಿ?” ರಸದ ಲೋಟ ಹಿಡಿದ ಯಜಮಾನರು ಬಾಗಿಲಲ್ಲೇ ಕೇಳಿದರು.

“ಸಾಲಿಗೆ” ಎಂದೆ.

ನಿಜಕ್ಕೂ ಅದು ಶಾಲೆಯೇ ಆಯಿತು. ವಾರದೊಳಗೆ ಬ್ರಶ್ಶು ಕೇಳಿದೆ. ಕಿಮೋದಿಂದಾಗಿ ಬೆರಳ ತುದಿಗಳು ಇನ್ನೂ ಜೋಮು ಹಿಡಿದಂತಿದ್ದವು. ಬ್ರಶ್ಶು ಕೈಯಲ್ಲಿದೆಯೋ ಬಿದ್ದಿದೆಯೋ ಎಂದು ನೋಡಿಯೇ ತಿಳಿಯಬೇಕು. ಅದಕ್ಕೆಂದು ಮನೆಯಿಂದ ಕೈವಾರ, ಸ್ಕೇಲು ಒಯ್ದೆ. ಈರಣ್ಣ ಸಂಕೋಚದಿಂದ ತಲೆ ಕೆರೆದುಕೊಂಡು, “ಅಕ್ಕಾರ, ಕಮಲಕ್ಕ ಕೈವಾರ ಬ್ಯಾಡ್ರಿ. ಅದೇನ ಕೆರ್ಯಾಗ ಅಳತಿ ಹಿಡಕೊಂಡ ಬೆಳದಿರತೈತೇನ್ರಿ?” ಎಂದ.

ಒಂದು ಬೆಳಿಗ್ಗೆ ಅವನು ಬಣ್ಣ ತರಲು ಮುನವಳ್ಳಿಗೆ ಹೊರಟ. ಕಟಕೋಳದ ಗೌಡರೊಬ್ಬರ ಹೊಸ ಟ್ರೇಲರು ನಿಂತಿತ್ತು. “ಎಲಿಗೆ ಹಸರ ತುಂಬ್ರಿ ಅಕ್ಕಾರ. ನಡುವಿನ ಗಿಳಿ ನಾ ಬಂದ ಬರೀತೇನಿ” ಎಂದು ಹೇಳಿ ಹೋದ. ನಾನು ಎಲೆ ತುಂಬಿದೆ. ಹಸಿರು ಉಳಿಯಿತು. ಮೊದಲು ಕೊಕ್ಕು ಮಾತ್ರ ಎಂದುಕೊಂಡೆ. ಕೊಕ್ಕಿಗೆ ತಲೆ ಬೇಕಾಯಿತು, ತಲೆಗೆ ಹೊಟ್ಟೆ ಬೇಕಾಯಿತು, ಆ ಹೊಟ್ಟೆ ನನ್ನ ಮಾತು ಕೇಳದೆ ತಾನಾಗಿಯೇ ಬೆಳೆಯಿತು. ಬಾಲ ಮಾತ್ರ ಮೂರೇ ಎಳೆತಕ್ಕೆ ಸರ್ರನೆ ಇಳಿಯಿತು.

ಈರಣ್ಣನೂ ಗೌಡರೂ ಒಟ್ಟಿಗೇ ಬಂದರು. ಗೌಡರು ಟ್ರೇಲರನ್ನು ಒಂದು ಸುತ್ತು ಹಾಕಿ ಹಿಂದೆ ಬಂದು ನಿಂತರು.

“ಈರಣ್ಣಾ, ನಾ ಗಿಳಿ ಹೇಳಿದ್ದೆ.”

“ಗಿಳೀನರಿ ಅದು.”

“ಹಸರ ಕೋಳಿ ಐತಿದು.”

ಈರಣ್ಣ ಹಕ್ಕಿಯನ್ನು ನೋಡಿದ, ನನ್ನನ್ನು ನೋಡಿದ. ಯಾರು ಬರೆದದ್ದೆಂದು ಬಾಯಿ ಬಿಡಲಿಲ್ಲ. “ನಂದ ತಪ್ಪಾತ್ರಿ ಗೌಡ್ರ, ಅಳಸತೇನಿ” ಎಂದು ಸೀಮೆಎಣ್ಣೆಯ ಅರಿವೆ ಕೈಗೆತ್ತಿಕೊಂಡ. ಹರಿದ ನವಿಲಿನ ಒಡೆಯ ನನ್ನ ಕೋಳಿಯನ್ನು ತನ್ನ ಮೈಮೇಲೆ ಎಳೆದುಕೊಂಡದ್ದು ನನ್ನಿಂದ ನೋಡಲಾಗಲಿಲ್ಲ. “ನಾ ಬರದದ್ದರಿ ಅದು” ಎಂದು ಎದ್ದೆ. ಒಂದೂ ಕಿಮೋಗೆ ಅಳದವಳ ಕಣ್ಣಲ್ಲಿ ಆ ಹಕ್ಕಿಗಾಗಿ ನೀರು ಬಂತು. ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ವರ್ಷವಿಡೀ ಅಯ್ಯೋ ಪಾಪ ಎಂದವರ ಮೇಲೆ ಸಿಡುಕಿದ ನಾನು, ಗೌಡರ ಮನಸ್ಸು ಕರಗಲೆಂದು ಬೇಕಂತಲೇ ಸ್ಕಾರ್ಫ್ ತೆಗೆದು ಬೋಳುತಲೆ ತೋರಿಸಿದೆ.

ಗೌಡರು ನನ್ನ ತಲೆಯನ್ನು ಶಾಂತವಾಗಿ ನೋಡಿದರು. “ಕೂದಲಾ ಬರ್ತಾವ್ರಿ ಅಕ್ಕಾರ, ಕಾಳಜಿ ಮಾಡಬ್ಯಾಡ್ರಿ. ಆದ್ರ ಇದು ಗಿಳಿ ಆಗಂಗಿಲ್ರಿ.”

ಮೊದಲು ನಕ್ಕವಳು ನಾನೇ. ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕೆ. ಹೆದರಿದ್ದ ಈರಣ್ಣನೂ ನಕ್ಕ, ಕೊನೆಗೆ ಗೌಡರೂ. ನಗುವುದು ಮುಗಿದ ಮೇಲೆ ಅವರು, “ಇರ್ಲಿ ಬಿಡು, ಅಳಸಬ್ಯಾಡ. ಕೆಳಗ ಹೆಸರ ಬರಿ. ನೋಡಿದವರಿಗೆ ತಿಳೀಬೇಕಲ್ಲ” ಎಂದರು. ಈರಣ್ಣ ಅಕ್ಷರಗಳಿಗೆ ನೆರಳು ಕೊಟ್ಟು, ದುಂಡಗೆ, ‘ಗಿಳಿ’ ಎಂದು ಬರೆದ.

ಮೊನ್ನೆ ಯಜಮಾನರ ಜೊತೆ ತಪಾಸಣೆಗೆ ಬೆಳಗಾವಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅದೇ ಟ್ರೇಲರು ಎದುರಿಗೇ ಬಂದು ನಿಂತಿತು. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, “ಅಕ್ಕಾರ, ನೀವು ಓದಿದವರಂಗ ಕಾಣ್ತೀರಿ. ಬರದದ್ದು ಗಿಳಿ ಅಂತ. ನೋಡಿದ್ರ ಹಂಗಿಲ್ಲ. ಏನ್ರಿ ಅದು?” ಎಂದಳು. ಯಜಮಾನರು ಕೆಮ್ಮಿದರು. ಗಣಿತದವಳಾದ ನಾನು ಎಷ್ಟೆಂದು ಸುಳ್ಳು ಹೇಳಲಿ?

“ಕೋಳಿ” ಎಂದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. “ಆದ್ರ ಬಾಲಾ ನೋಡ್ರಿ, ಬಾಲಾ! ಎಷ್ಟ ಚಂದ ಬಂದೈತಿ!” ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಅವಳು ಬಾಲವನ್ನಲ್ಲ, ನನ್ನನ್ನೇ ನೋಡುತ್ತ ಮೆಲ್ಲಗೆ ಎರಡು ಹೆಜ್ಜೆ ದೂರ ಸರಿದಳು.