ಕಡ್ಲಿಕೊಪ್ಪರ ಮೂಷಕಾಸನ ಸಮರ

ಇಲಿಯ ಬೆನ್ನೇರಿ ಮೂರು ಲೋಕ ಸುತ್ತಿ ಬಂದರೂ ಆ ಇಲಿಯ ಕಾಲಡಿಗೊಂದು ಹಾಸು ಬೇಕೆಂದು ಯಾರನ್ನೂ ಕೇಳದ ಲಂಬೋದರನೇ, ನಿನಗೆ ಕೈಮುಗಿದು, ಕಲಿಯುಗದ ಗಣಕಪರ್ವದಲ್ಲಿ ಒಂದು ನಾಡಕಚೇರಿಯೊಳಗೆ ನಡೆದ ಘೋರ ಸಂಗ್ರಾಮವನ್ನು ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ಹೇಳಿದರೆ ಕೇಳಿದವರಿಗೆ ನಗೆ, ಅಲ್ಲಿರುವವರಿಗೆ ನೋಟಿಸು.

ಆ ಕಚೇರಿಯಲ್ಲಿ ಕಡತಕಾನನಪಂಚಾನನನೂ ಅರ್ಜಿದಾರಗಜಕೇಸರಿಯೂ 'ನಾಳೆ ಬಾ' ಎಂಬ ಮಹಾಮಂತ್ರದ ದ್ರಷ್ಟಾರನೂ ಆದ ಚನ್ನವೀರಪ್ಪ ಕಡ್ಲಿಕೊಪ್ಪ ಎಂಬ ಗುಮಾಸ್ತನಿದ್ದ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಆ ಮಹಾನುಭಾವನ ಬಲಗೈಗೆ ಬಹುಕಾಲದಿಂದ ಒಂದೇ ಆಸರೆ: ಅಂಚು ಹರಿದು, ಚಹಾದ ಕಲೆಗಳಿಂದ ಅಲಂಕೃತವಾಗಿದ್ದ ಒಂದು ನೀಲಿ ಮೌಸ್‌ಪ್ಯಾಡು. ಕಚೇರಿಗೆ ಸುಣ್ಣಬಣ್ಣ ಹೊಡೆದ ವಾರ ಅದು ಕಸದ ಜೊತೆ ಹೋಯಿತು. ಅವನ ಮೇಜಿಗೆ ಹೊಸದಾಗಿ ಗಾಜು ಬಂತು.

ಸೋಮವಾರ ಹತ್ತೂವರೆಗೆ ವೀರನು ಆಸನಾರೂಢನಾಗಿ ಮೌಸಿನ ಮೇಲೆ ಕೈಯಿಟ್ಟ. ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದ. ಬಾಣ ಹುಚ್ಚು ಹಿಡಿದಂತೆ ಮೂಲೆಗೆ ಜಿಗಿದು ಅಲ್ಲೇ ಠಿಕಾಣಿ ಹೂಡಿತು. ಬಿಲ್ಲಿದ್ದೂ ಹೆದೆಯಿಲ್ಲದ ಬಿಲ್ಲಾಳಿನ ವಿಷಾದ ಅವನನ್ನು ಆವರಿಸಿತು. ಆ ವಿಷಾದದ ತಳದಲ್ಲಿ ಸಣ್ಣದೊಂದು ಹರ್ಷವೂ ಇತ್ತು: ಪ್ಯಾಡು ಬರುವ ತನಕ ಕೆಲಸ ಮಾಡುವಂತಿಲ್ಲ.

ಕಿಟಕಿಯಾಚೆ ಸಾಲಿನಲ್ಲಿ ಮೊದಲು ನಿಂತವಳು ತುಳಜವ್ವ. ಮೊಮ್ಮಗಳನ್ನು ಹಾಸ್ಟೆಲಿಗೆ ಸೇರಿಸಲು ಆದಾಯದ ಸರ್ಟಿಫಿಕೇಟು ಬೇಕಿತ್ತು. ಅದನ್ನು ಅಲ್ಲಿ ಕೊಡಲು ಅಂದೇ ಕಡೆಯ ದಿನ, ಅಲ್ಲಿಗೆ ಬಸ್ಸು ಒಂದು ಗಂಟೆಗೆ. ಎಲ್ಲ ಸಹಿಗಳೂ ಆಗಿ, ಕಡ್ಲಿಕೊಪ್ಪ ಪರದೆಯ ಮೇಲೆ ಒಂದು ಕಡೆ ಒತ್ತುವುದಷ್ಟೇ ಬಾಕಿ.

"ಪ್ಯಾಡ್ ಇಲ್ಲಬೇ. ಬಂದ ಮ್ಯಾಲೆ ನೋಡೂಣು," ಎಂದ ಕಡ್ಲಿಕೊಪ್ಪ.

ಪಕ್ಕದ ಮೇಜಿನಿಂದ ಗುತ್ತಿಗೆ ಆಪರೇಟರ್ ಸುಮಿತ್ರಾ ದೊಡ್ಡವಾಡ ತಲೆಯೆತ್ತಿದಳು. ಆರು ವರ್ಷವಾದರೂ ಕಾಯಂ ಆಗದ, ಆದರೆ ಕಚೇರಿಯ ಅರ್ಧ ಕೆಲಸ ಹೊತ್ತ ಧೀರೆ ಅವಳು.

"ಸರ, ಈಗಿನ ಮೌಸಿಗೆ ಪ್ಯಾಡ್ ಯಾಕ ಬೇಕ್ರಿ? ಒಳಗ ಗುಂಡು ಇದ್ದಾಗಿನ ಮಾತ್ರಿ ಅದು. ಈಗ ಬೆಳಕಿನ ಮ್ಯಾಲೆ ನಡೀತಾವು."

ಪ್ರಳಯಕಾಲದ ಮೇಘದಂತೆ ಕಡ್ಲಿಕೊಪ್ಪ ಎದ್ದು ನಿಂತ. "ಏನಂದಿ? ಈ ಕೈ ಹನ್ನೊಂದು ತಹಶೀಲ್ದಾರರನ್ನ ನೋಡೇತಿ! ಹೊಳಿ ಉಕ್ಕಿ ಬಂದ ವರ್ಷ ಒಂದ ದಿನಕ್ಕ ಮುನ್ನೂರು ಸರ್ಟಿಫಿಕೇಟ್ ಕೊಟ್ಟ ಕೈ ಇದು! ಪ್ಯಾಡ್ ಇಲ್ಲದ ಮೌಸು, ಜೀನಿಲ್ಲದ ಕುದುರಿ. ಈ ಕಡ್ಲಿಕೊಪ್ಪ ಹತ್ತಂಗಿಲ್ಲ!"

"ಹಂಗಾರ ನೋಡೇ ಬಿಡೂಣ್ರಿ."

ಹೀಗೆಂದು ಆ ರಣಚತುರೆ ತನ್ನ ಮೌಸನ್ನು ಬರಿಯ ಮೇಜಿನ ಮೇಲೆ ಓಡಿಸಿದಳು. ಬಾಣ ಓಡಿತು. ಗೋಡೆಗೆ ಒತ್ತಿ ಓಡಿಸಿದಳು. ಕುರ್ಚಿಯ ಬೆನ್ನ ಮೇಲೆ, ಕಡೆಗೆ ತನ್ನ ಅಂಗೈ ಮೇಲೂ ಓಡಿಸಿದಳು. ಬಾಣ ಎಲ್ಲಿಯೂ ಎಡವಲಿಲ್ಲ. ಸಾಲಿನಲ್ಲಿದ್ದ ಯಾರೋ ಸಿಳ್ಳೆ ಹಾಕಿದರು. ಕಡ್ಲಿಕೊಪ್ಪನ ಕಿವಿ ಕೆಂಪಾಯಿತು. ಈ ಹುಡುಗಿಗೆ ಅರ್ಜಿ ನೋಂದಾಯಿಸುವುದನ್ನು ಹೇಳಿಕೊಟ್ಟವನೇ ಅವನು.

"ನನ್ನ ಗಾಜಿನ ಮ್ಯಾಲೆ ಓಡಿಸು!" ಎಂದು ಗುಡುಗಿದ.

ಅವಳು ಬಂದು ಓಡಿಸಿದಳು. ಬಾಣ ಸತ್ತಂತೆ ಬಿದ್ದೇ ಇತ್ತು. ಕಡ್ಲಿಕೊಪ್ಪನ ಅಟ್ಟಹಾಸಕ್ಕೆ ಕಪಾಟಿನ ಮೇಲಿನ ಧೂಳು ಕದಲಿತು.

"ಅದು ಗಾಜಿನ ತಪ್ಪ್ರಿ, ಮೌಸಿಂದಲ್ಲ. ಗಾಜು ತಗೀರಿ."

"ದಾಸ್ತಾನು ಪುಸ್ತಕಕ್ಕ ಏರೇತಿ ಅದು. ಸಾಹೇಬ್ರ ಆರ್ಡರ್ ಇಲ್ದ ತಗಿಯಾಕ ನಾ ಯಾರು?"

"ಆ ರಜಿಸ್ಟರ್‌ನರ ಮೌಸಿನ ಕೆಳಗ ಇಡ್ರಿ."

"ಸರ್ಕಾರಿ ದಾಖಲಿ ಮ್ಯಾಲೆ ಇಲಿ ಓಡಿಸಂತಿ?"

ಆಮೇಲೆ ಲೇಖನಿಯುದ್ಧ. 'ಮೌಸ್‌ಪ್ಯಾಡು ಅತ್ಯಗತ್ಯ' ಎಂದು ಕಡ್ಲಿಕೊಪ್ಪ ಮೂರು ಪುಟದ ಬೇಡಿಕೆಪತ್ರ ಬರೆದ. 'ಅಗತ್ಯವಿಲ್ಲ, ಗಾಜು ತೆಗೆದರೆ ಸಾಕು' ಎಂದು ಸುಮಿತ್ರಾ ಅಂಚಿನಲ್ಲಿ ಷರಾ ಹಾಕಿದಳು. ಅವನು ಅವಳ ಷರಾಕ್ಕೆ ಷರಾ ಬರೆದ. ಹನ್ನೆರಡೂವರೆಯಾಯಿತು. ಕಿಟಕಿಯಾಚೆ ಯಾರಿದ್ದಾರೆಂಬುದು ಇಬ್ಬರಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಆಗ ತುಳಜವ್ವ ಅರ್ಧಬಾಗಿಲು ನೂಕಿ ಒಳಗೇ ಬಂದಳು. ಚೀಲದಿಂದ ಒಂದು ರಟ್ಟು ತೆಗೆದಳು. ಹೊಸ ಅಂಗಿಯ ಮಡಿಕೆಯೊಳಗೆ ಬರುತ್ತದಲ್ಲ, ಅಂಥದ್ದು. ಕಾಗದಪತ್ರ ಮುದುಡದಿರಲೆಂದು ತಂದಿದ್ದಳು. ಗಾಜಿನ ಮೇಲೆ ಅದನ್ನಿಟ್ಟು, ಅದರ ಮೇಲೆ ಮೌಸನ್ನು ಕುಕ್ಕಿದಳು.

"ಈಗ ಒತ್ತಪಾ."

ಅವಳ ದನಿಗೆ ಬೆಚ್ಚಿ ಕಡ್ಲಿಕೊಪ್ಪ ಮೌಸು ತಳ್ಳಿದ. ಬಾಣ ಸಾಧು ಎತ್ತಿನಂತೆ ನಡೆದು ಹೋಯಿತು. ಒತ್ತಿಯೇಬಿಟ್ಟ. ಅರ್ಧ ನಿಮಿಷದಲ್ಲಿ ಸರ್ಟಿಫಿಕೇಟು ಹೊರಬಂತು.

"ಇಷ್ಟಕ್ಕ ಎರಡ ತಾಸು ನಿಂದ್ರಿಸಿದ್ರೇನು?"

ಇಬ್ಬರು ಮಹಾರಥರೂ ತಂತಮ್ಮ ಲೇಖನಿ ಕೆಳಗಿಟ್ಟರು. ಮುದುಕಿ ಸರ್ಟಿಫಿಕೇಟಿನ ಬೆನ್ನಿಗೆ ರಟ್ಟನ್ನಿಟ್ಟು ಚೀಲಕ್ಕೆ ಸೇರಿಸಿದಳು. ಸಾಲಿನಲ್ಲಿ ಇನ್ನೂ ಹದಿನಾಲ್ಕು ಮಂದಿಯಿದ್ದರು.

"ಯವ್ವಾ," ಎಂದ ಕಡ್ಲಿಕೊಪ್ಪ ಮೆಲ್ಲಗೆ, "ಆ ರಟ್ಟು ಇಲ್ಲೇ ಬಿಟ್ಟು ಹೋಗ್ತಿ ಏನು?"

"ಯಾಕ ಬಿಡ್ಲಿ? ನಿಮ್ಮ ಕಾಗದ ನಿಮ್ಮಂಗ ಮುದುಡತೈತಿ," ಎಂದವಳೇ ಬಸ್ಸಿಗೆ ನಡೆದಳು.

ಸುಮಿತ್ರಾ ತುಟಿ ಕಚ್ಚಿ ನಗು ನುಂಗಿದಳು. ಹನ್ನೊಂದು ತಹಶೀಲ್ದಾರರನ್ನು ಕಂಡ ವೀರನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ:

"ಯಾರ ಹತ್ರರ ಒಂದು ರಟ್ಟು ಐತೇನ್ರಿ?"